ಜಾಲಿ ಮುಳ್ಳು ತೆಗೆಸಿದ ಮೇಲೆ ಬಂದ ಸೈಕಲ್‌ಗಳು

ಬಳ್ಳಾರಿಯ ಹೊರವಲಯದ ವಿಶ್ವವಿದ್ಯಾಲಯವೊಂದರಲ್ಲಿ ನಾನು ಪಾಠ ಹೇಳುತ್ತೇನೆ. ಬೈಕು, ಕಾರು ಬಿಟ್ಟು ಬಸ್ಸಿನಲ್ಲೋ ಸೈಕಲ್ಲಿನಲ್ಲೋ ಬರುವಂತೆ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳ ಮನವೊಲಿಸುವ ಹೊಣೆ ನನ್ನ ಪಾಲಿಗೆ ಬಂದಾಗ ಭಾಷಣದಿಂದಲೇ ಆರಂಭಿಸಿದೆ. ಮನೆಯಿಂದ 6 ಕಿ.ಮೀ. ದೂರಕ್ಕೆ ದಿನವೂ ಸ್ಕೂಟರಿನಲ್ಲಿ ಹೋಗಿಬಂದರೆ ತಿಂಗಳಿಗೆ ಆರೇಳು ಲೀಟರ್ ಪೆಟ್ರೋಲ್ ಬೇಕು, ಒಂದು ಲೀಟರ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ ಎಂದು ನನ್ನದೇ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ಎಲ್ಲರೂ ತಲೆದೂಗಿದರು, ಆದರೆ ಮರುದಿನ ಬೈಕುಗಳ ಸಾಲು ಒಂದಿಷ್ಟೂ ಕಡಿಮೆಯಾಗಲಿಲ್ಲ.

ಆಮೇಲೆ ಒಂದು ವಾರ ಬೆಳಿಗ್ಗೆ ಗೇಟಿನ ಬಳಿ ನಿಂತು ಒಬ್ಬೊಬ್ಬರನ್ನೇ ವಿಚಾರಿಸಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ನಮ್ಮ ವಿದ್ಯಾರ್ಥಿನಿಯರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಆದರೂ ಸಿರುಗುಪ್ಪ, ಕುರುಗೋಡು ಕಡೆಯಿಂದ ನಿಲ್ದಾಣದವರೆಗೆ ಬಸ್ಸಿನಲ್ಲಿ ಬಂದವರು, ಅಲ್ಲಿಂದ ಮುಂದಿನ ಬಸ್ಸಿಗೆ ಕಾದರೆ ಮೊದಲ ತರಗತಿ ತಪ್ಪುತ್ತದೆಂದು ಕೈಯಿಂದ ಹಣ ಕೊಟ್ಟು ಆಟೊ ಹತ್ತುತ್ತಿದ್ದರು. ತಪ್ಪು ನಮ್ಮ ವೇಳಾಪಟ್ಟಿಯಲ್ಲಿತ್ತು. ಮೊದಲ ತರಗತಿಯನ್ನು 15 ನಿಮಿಷ ಮುಂದೂಡಲು ಎಲ್ಲ ವಿಭಾಗಗಳನ್ನು ಒಪ್ಪಿಸುವಷ್ಟರಲ್ಲಿ ಒಂದು ಸೆಮಿಸ್ಟರ್ ಕಳೆಯಿತಾದರೂ, ಆಟೊ ಹತ್ತುವವರು ಕಡಿಮೆಯಾದದ್ದು ಅದರಿಂದಲೇ. ಗಡಿಯಾಚೆಯ ಆಂಧ್ರದ ಊರುಗಳಿಂದ ಬರುವ ಹುಡುಗಿಯರಿಗೆ ಶಕ್ತಿ ಅನ್ವಯಿಸುವುದಿಲ್ಲ. ಅವರ ಮಟ್ಟಿಗೆ ನಾನು ಇನ್ನೂ ಏನೂ ಮಾಡಲಾಗಿಲ್ಲ ಎಂಬ ಕೊರಗಿದೆ.

ಸೈಕಲ್ಲಿನ ವಿಷಯದಲ್ಲಿ ಉತ್ತರ ಕೊಟ್ಟವನು ಹಾಸ್ಟೆಲಿನ ಒಬ್ಬ ಹುಡುಗ. ಅವನು ಮಾತಾಡದೆ ಸೈಕಲ್ ಮಲಗಿಸಿ ಹಿಂದಿನ ಟೈರನ್ನು ತಿರುಗಿಸಿದ. ರಬ್ಬರಿನೊಳಗೆ ಮುರಿದು ಉಳಿದಿದ್ದ ಮೂರು ಮುಳ್ಳಿನ ತುದಿಗಳು ಕಂಡವು. ಕಾಂಪೌಂಡಿನ ಉದ್ದಕ್ಕೂ ಬೆಳೆದ ಬಳ್ಳಾರಿ ಜಾಲಿ ಗಾಳಿ ಬೀಸಿದಾಗಲೆಲ್ಲ ಒಣಮುಳ್ಳುಗಳನ್ನು ದಾರಿಗೆ ಚೆಲ್ಲುತ್ತಿತ್ತು. ವಾರಕ್ಕೆರಡು ಪಂಕ್ಚರ್ ಹಾಕಿಸಿಕೊಳ್ಳುವವನಿಗೆ ಪರಿಸರದ ಪಾಠ ಹೇಳಿ ಏನು ಪ್ರಯೋಜನ? ಜಾಲಿಯನ್ನು ಬುಡಸಮೇತ ಕೀಳಿಸಿದೆವು, ಏಕೆಂದರೆ ಬರೀ ಕಡಿದರೆ ಅದು ಮತ್ತೆ ಚಿಗುರುತ್ತದೆ. ಕಾವಲುಗಾರರ ಕೋಣೆಯಲ್ಲಿ ಗಾಳಿಪಂಪು, ಪಂಕ್ಚರ್ ಸಾಮಾನು ಇರಿಸಿದೆವು. ಮೊದಲು ಹಾಸ್ಟೆಲಿನವರು, ಬಳಿಕ ಕಚೇರಿಯ ಕೆಲವರು ಸೈಕಲ್ ತಂದರು.

ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಈ ಸೈಕಲ್‌ಗಳು ಮತ್ತೆ ಮೂಲೆ ಸೇರುತ್ತವೆ, ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಜಾಲಿ ಕಿತ್ತ ಜಾಗದಲ್ಲೇ ಹೊಂಗೆ, ಬೇವಿನ ಸಸಿ ನೆಟ್ಟಿದ್ದೇವೆ. ಹೊಂಗೆ ಈಗ ಸೊಂಟದೆತ್ತರ ಬಂದಿದೆ, ಈ ವಾರ ನೀರು ಹಾಕುವ ಸರದಿ ನಮ್ಮ ವಿಭಾಗದ್ದು.