ಬಾಸ್ ಡ್ರಮ್ಮಿನ ಪೆಟ್ಟನ್ನು ಮನೆಯಲ್ಲಿ ಪೂರ್ತಿಯಾಗಿ ಕೇಳುವುದು ಹೇಗೆ?

ಸಿಂಫನಿ ಆರ್ಕೆಸ್ಟ್ರಾದ ಬಾಸ್ ಡ್ರಮ್ಮಿನ ವ್ಯಾಸ ಸಾಮಾನ್ಯವಾಗಿ 36ರಿಂದ 40 ಅಂಗುಲ. ಅದರ ನಾದದ ಬುಡ ಹೆಚ್ಚುಕಡಿಮೆ 30ರಿಂದ 50 ಹರ್ಟ್ಸ್‌ಗಳ ನಡುವೆ ಇದ್ದರೂ, ಬಡಿಗೆ ಮುಚ್ಚಿಗೆಗೆ ತಾಗಿದ ಕ್ಷಣದ ಸದ್ದು ನೂರಾರು ಹರ್ಟ್ಸ್‌ವರೆಗೆ ಹರಡಿರುತ್ತದೆ. ಈ ಎರಡೂ ಒಂದೇ ಗಳಿಗೆಯಲ್ಲಿ ಕಿವಿಗೆ ಬಂದರೆ ಮಾತ್ರ ಪೆಟ್ಟು ಪೆಟ್ಟಾಗಿ ಕೇಳುತ್ತದೆ. ಇದಕ್ಕಾಗಿ ಹೆಚ್ಚಿನವರು ಮೊದಲು ದೊಡ್ಡ ಸಬ್‌ವೂಫರ್, ಅಂದರೆ ಕೆಳಸ್ವರಗಳಿಗೆಂದೇ ಇರುವ ಸ್ಪೀಕರ್, ಹುಡುಕುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯ ಹಂತ. ಎಲ್‌ಪಿ ಕೇಳುವವರಿಗೆ ಡ್ರಮ್ಮಿನ ಬಲ ಸೋರಿಹೋಗುವುದು ಬಹುಪಾಲು ಟೋನ್‌ಆರ್ಮಿನಲ್ಲಿ (ಟರ್ನ್‌ಟೇಬಲ್ಲಿನಲ್ಲಿ ಮುಳ್ಳನ್ನು ಹೊತ್ತ ತೋಳಿನಲ್ಲಿ) ಮತ್ತು ಕೋಣೆಯಲ್ಲಿ.

ಮೊದಲು ಒಳ್ಳೆಯ ಧ್ವನಿಮುದ್ರಣವನ್ನು ಆರಿಸಿಕೊಳ್ಳಬೇಕು. ಟೆಲಾರ್ಕ್ ಸಂಸ್ಥೆಗಾಗಿ 1978ರಲ್ಲಿ ವಾದ್ಯವೃಂದ ನಿರ್ದೇಶಕ ಫ್ರೆಡರಿಕ್ ಫೆನೆಲ್ ಅವರು ಕ್ಲೀವ್‌ಲ್ಯಾಂಡ್ ಸಿಂಫನಿಕ್ ವಿಂಡ್ಸ್ ತಂಡದಿಂದ ನುಡಿಸಿದ, ಸಂಯೋಜಕ ಹೋಲ್ಸ್ಟ್ ಅವರ ಕೃತಿಗಳು ಸೌಂಡ್‌ಸ್ಟ್ರೀಮ್ ಡಿಜಿಟಲ್ ಯಂತ್ರದಲ್ಲಿ ಮುದ್ರಣಗೊಂಡು ಎಲ್‌ಪಿಯಾಗಿ ಹೊರಬಂದವು. ಅದರ ಬಾಸ್ ಡ್ರಮ್ ಇಂದಿಗೂ ಒಂದು ಅಳತೆಗೋಲು. ಸಿಡಿ ಅಥವಾ ಡಿಜಿಟಲ್ ಕಡತದಲ್ಲಿ ಕೇಳುವವರಿಗೆ ಈ ಹಂತದಲ್ಲಿ ಬೇರೆ ಕೆಲಸವಿಲ್ಲ, ಏಕೆಂದರೆ ಅಲ್ಲಿ 20 ಹರ್ಟ್ಸ್ ಕೂಡ 1,000 ಹರ್ಟ್ಸ್‌ನಷ್ಟೇ ಸಲೀಸಾಗಿ ಬರುತ್ತದೆ.

ವಿನೈಲ್‌ನಲ್ಲಿ, ಅಂದರೆ ಎಲ್‌ಪಿ ತಟ್ಟೆಯಲ್ಲಿ, ಹಾಗಲ್ಲ. ಕೆಳಸ್ವರಗಳನ್ನು ಇದ್ದ ಹಾಗೇ ಕೊರೆದರೆ ಗೆರೆಗಳು ಅತಿಯಾಗಿ ಅಗಲವಾಗುವುದರಿಂದ, ಎಲ್‌ಪಿಗಳಿಗಿರುವ ಆರ್‌ಐಎಎ ಮಾನದಂಡದಂತೆ ಕೊರೆಯುವಾಗ ಅವುಗಳನ್ನು ತಗ್ಗಿಸಿ, ನುಡಿಸುವಾಗ ಫೋನೋ ಸ್ಟೇಜ್‌ನಲ್ಲಿ (ಮುಳ್ಳಿನಿಂದ ಬರುವ ಸಣ್ಣ ಸಂಕೇತವನ್ನು ಹಿಗ್ಗಿಸುವ ಭಾಗದಲ್ಲಿ) ಮತ್ತೆ ಎತ್ತುತ್ತಾರೆ. 1,000 ಹರ್ಟ್ಸ್‌ಗೆ ಹೋಲಿಸಿದರೆ 20 ಹರ್ಟ್ಸ್‌ನಲ್ಲಿ ಈ ಏರಿಕೆ ಸುಮಾರು 19 ಡೆಸಿಬೆಲ್. ಡ್ರಮ್ಮಿನ ಜೊತೆಗೆ ಟರ್ನ್‌ಟೇಬಲ್ಲಿನ ಗುರುಗುಟ್ಟುವಿಕೆಯೂ ತಟ್ಟೆಯ ಡೊಂಕಿನಿಂದಾಗುವ ಅಲುಗಾಟವೂ ಅಷ್ಟೇ ಪ್ರಮಾಣದಲ್ಲಿ ಏರುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಆದ್ದರಿಂದ ಎರಡನೆಯದಾಗಿ ಟೋನ್‌ಆರ್ಮ್ ಮತ್ತು ಅದರ ತುದಿಯಲ್ಲಿ ಮುಳ್ಳನ್ನು ಹಿಡಿದಿರುವ ಕಾರ್ಟ್ರಿಜ್ ಒಂದಕ್ಕೊಂದು ಹೊಂದುತ್ತವೆಯೇ ಎಂದು ಲೆಕ್ಕ ಹಾಕಬೇಕು. ಎರಡೂ ಸೇರಿ ತಮ್ಮದೇ ಒಂದು ಕಂಪನಾಂಕದಲ್ಲಿ ಅನುರಣಿಸುತ್ತವೆ. ಅದು 8ರಿಂದ 12 ಹರ್ಟ್ಸ್‌ಗಳ ನಡುವೆ ಇದ್ದರೆ ಕೆಳಗಿನ ಡೊಂಕಿಗೂ ಮೇಲಿನ ಸಂಗೀತಕ್ಕೂ ತಾಗುವುದಿಲ್ಲ. ಆರ್ಮಿನ ಪರಿಣಾಮಕಾರಿ ತೂಕ 11 ಗ್ರಾಂ, ಕಾರ್ಟ್ರಿಜ್ 6, ತಿರುಪುಗಳು 1 ಎಂದುಕೊಳ್ಳೋಣ: ಒಟ್ಟು 18. ಕಾರ್ಟ್ರಿಜ್‌ನ ಕಂಪ್ಲಯನ್ಸ್, ಅಂದರೆ ಮುಳ್ಳನ್ನು ಹಿಡಿದಿರುವ ಕಡ್ಡಿಯ ಬಳುಕು, 12 ಇದ್ದರೆ ಗುಣಲಬ್ಧ 216, ಅದರ ವರ್ಗಮೂಲ 14.7. ಇದರಿಂದ ಈ ಲೆಕ್ಕದ ಸ್ಥಿರಾಂಕವಾದ 159ನ್ನು ಭಾಗಿಸಿದರೆ ಸುಮಾರು 10.8 ಹರ್ಟ್ಸ್ ಬರುತ್ತದೆ, ಸರಿಯಾದ ಜಾಗವೇ. ಅದೇ ಆರ್ಮಿಗೆ ಕಂಪ್ಲಯನ್ಸ್ 30 ಇರುವ, ಅಷ್ಟೇ ತೂಕದ ಕಾರ್ಟ್ರಿಜ್ ಹಾಕಿದರೆ ಉತ್ತರ 7 ಹರ್ಟ್ಸ್‌ಗಿಂತ ಕೆಳಗಿಳಿದು, ಡೊಂಕು ತಟ್ಟೆ ತಿರುಗಿದಾಗಲೆಲ್ಲ ಆರ್ಮ್ ತೂಗಾಡುತ್ತದೆ. ಕೆಲವು ತಯಾರಕರು ಕಂಪ್ಲಯನ್ಸನ್ನು 100 ಹರ್ಟ್ಸ್‌ನಲ್ಲಿ ಅಳೆದು ಕೊಡುತ್ತಾರೆ. 10 ಹರ್ಟ್ಸ್‌ನ ಬೆಲೆ ಅದಕ್ಕಿಂತ ಹೆಚ್ಚಿರುತ್ತದೆ ಎಂಬುದನ್ನು ಗಮನಿಸಬೇಕು. ಮುಳ್ಳಿನ ಭಾರವನ್ನು ತಯಾರಕರು ಹೇಳಿದ ಮಿತಿಯೊಳಗೆ ಮೇಲ್ತುದಿಗೆ ಇಡುವುದು ಒಳ್ಳೆಯದು, ಏಕೆಂದರೆ ಡ್ರಮ್ಮಿನ ದೊಡ್ಡ ಪೆಟ್ಟು ಬಂದಾಗ ಗೆರೆಯಿಂದ ಎಗರುವುದು ಹೆಚ್ಚಾಗಿ ಹಗುರವಾಗಿಟ್ಟ ಮುಳ್ಳೇ.

ಟರ್ನ್‌ಟೇಬಲ್ ಸ್ಪೀಕರುಗಳಿಂದ ದೂರ, ಗಟ್ಟಿ ಆಧಾರದ ಮೇಲಿರಲಿ. ತಿರುಗದ ತಟ್ಟೆಯ ಮೇಲೆ ಮುಳ್ಳನ್ನಿಟ್ಟು ವಾಲ್ಯೂಮನ್ನು ನಿಧಾನವಾಗಿ ಏರಿಸಿದಾಗ ಗುಂಯ್‌ಗುಡುವಿಕೆ ಶುರುವಾದರೆ ಜಾಗ ಬದಲಿಸಲೇಬೇಕು. ಸ್ಪೀಕರಿನ ಪೆಟ್ಟಿಗೆಗೆ ಗಾಳಿಯ ಕಿಂಡಿಯಿದ್ದರೆ 20 ಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಹಾಕುವುದು ಒಳ್ಳೆಯದು. ಕಿಂಡಿಯ ಕಂಪನಾಂಕಕ್ಕಿಂತ ಕೆಳಗೆ ಸ್ಪೀಕರಿನ ಕಂಪಿಸುವ ಕೋನಿಗೆ (ಶಂಕುವಿಗೆ) ಹಿಡಿತವಿಲ್ಲದೆ ಅದು ವ್ಯರ್ಥವಾಗಿ ಹೊಯ್ದಾಡುತ್ತದೆ.

ಇನ್ನು ಕೋಣೆ. 35 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 10 ಮೀಟರ್. ಎದುರುಬದುರು ಗೋಡೆಗಳ ನಡುವೆ ಅದರ ಅರ್ಧದಷ್ಟು, ಅಂದರೆ 5 ಮೀಟರ್, ಅಂತರವಿದ್ದರೆ ಕೋಣೆ ತಾನೇ 34 ಹರ್ಟ್ಸ್‌ನಲ್ಲಿ ಅನುರಣಿಸುತ್ತದೆ, ಅಂದರೆ ನೇರವಾಗಿ ಡ್ರಮ್ಮಿನ ನಾದದ ಮೇಲೆಯೇ. ಗೋಡೆಯ ಬಳಿ ಕುಳಿತವರಿಗೆ ಪೆಟ್ಟು ಮುಗಿದ ಮೇಲೂ ಮೊಳಗು ನಿಲ್ಲದು. ನಡುಮಧ್ಯೆ ಕುಳಿತವರಿಗೆ ಡ್ರಮ್ಮೇ ಕಾಣೆಯಾದಂತಿರುತ್ತದೆ. ಸಬ್‌ವೂಫರನ್ನು ತಾತ್ಕಾಲಿಕವಾಗಿ ನೀವು ಕೂರುವ ಜಾಗದಲ್ಲಿಟ್ಟು, ಡ್ರಮ್ ಇರುವ ಭಾಗವನ್ನು ಮತ್ತೆಮತ್ತೆ ನುಡಿಸುತ್ತ, ಗೋಡೆಗಳ ಉದ್ದಕ್ಕೂ ಬಗ್ಗಿ ನಡೆದು ಕೇಳಬೇಕು. ಪೆಟ್ಟು ಎಲ್ಲಿ ಬಿಗಿಯಾಗಿ ಹುಟ್ಟಿ ಬೇಗ ಇಂಗುತ್ತದೆಯೋ ಸಬ್‌ವೂಫರ್ ಅಲ್ಲಿಗೆ ಹೋಗಲಿ.

ಅದನ್ನು ಮುಖ್ಯ ಸ್ಪೀಕರುಗಳೊಂದಿಗೆ 80 ಹರ್ಟ್ಸ್ ಆಸುಪಾಸಿನಲ್ಲಿ ಜೋಡಿಸಿ (ಅದಕ್ಕಿಂತ ಕೆಳಗಿನದು ಸಬ್‌ವೂಫರಿಗೆ, ಮೇಲಿನದು ಸ್ಪೀಕರುಗಳಿಗೆ), ಎರಡರ ಅಲೆಗಳನ್ನು ಹೊಂದಿಸುವ ಫೇಸ್ ಗುಂಡಿಯನ್ನು ತಿರುಗಿಸುತ್ತ ಬಡಿಗೆಯ ತಾಗುವಿಕೆಯೂ ಮುಚ್ಚಿಗೆಯ ನಾದವೂ ಒಂದಾಗುವ ಜಾಗದಲ್ಲಿ ನಿಲ್ಲಿಸಬೇಕು.

ವಾಲ್ಯೂಮನ್ನು ಮೆಲುದನಿಯ ಭಾಗ ಕೇಳಿ ನಿಗದಿಮಾಡಬೇಡಿ. 10 ಡೆಸಿಬೆಲ್ ಏರಿಕೆಗೆ ಆಂಪ್ಲಿಫೈಯರ್ ಹತ್ತು ಪಟ್ಟು ಶಕ್ತಿ ಒದಗಿಸಬೇಕಾಗುತ್ತದೆ. ಆದ್ದರಿಂದ ಅತಿ ದೊಡ್ಡ ಪೆಟ್ಟಿನ ಭಾಗವನ್ನೇ ಮೊದಲು ಸಣ್ಣ ದನಿಯಲ್ಲಿ ನುಡಿಸಿ, ಹಂತಹಂತವಾಗಿ ಏರಿಸುತ್ತ ಹೋಗಿ, ಪೆಟ್ಟು ಒರಟಾದ ಕೂಡಲೇ ತುಸು ಇಳಿಸಿ, ಆ ಮಟ್ಟವನ್ನು ಗುರುತು ಮಾಡಿಟ್ಟುಕೊಳ್ಳಿ.