ಲೌಟರ್‌ಬ್ರುನ್ನೆನ್ ಕಣಿವೆಗೆ ಹೊರಡುವ ಮುಂಚೆ: ಸ್ವಿಸ್ ಬೆಟ್ಟಗಳ ಪದ್ಧತಿ

ಕುದುರೆಮುಖ ಹತ್ತಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸ್ವಿಟ್ಜರ್ಲೆಂಡಿನ ಕಾಲುದಾರಿಗಳಲ್ಲಿ ಅಂಥದ್ದೇನೂ ಇಲ್ಲ. ಗೇಟಿಲ್ಲ, ಹೆಸರು ಬರೆಸುವುದಿಲ್ಲ, ಹೊತ್ತಾಯಿತು ವಾಪಸ್ ಹೋಗಿ ಎನ್ನುವ ಗಾರ್ಡೂ ಇಲ್ಲ. ಹೊಸದಾಗಿ ಬಂದ ನಮ್ಮವರು ಎಡವುವುದು ಇಲ್ಲೇ. ಯಾರೂ ತಡೆಯಲಿಲ್ಲ ಅಂದರೆ ಅಪಾಯವಿಲ್ಲ ಅಂದುಕೊಳ್ಳುತ್ತಾರೆ. ಈ ದೇಶದಲ್ಲಿ ತಿಳಿಸಬೇಕಾದ್ದನ್ನು ಬೋರ್ಡಿನಲ್ಲಿ, ಬಣ್ಣದಲ್ಲಿ, ಆ್ಯಪಿನಲ್ಲಿ ತಿಳಿಸಿರುತ್ತಾರೆ. ಓದಿ ತೀರ್ಮಾನ ಮಾಡುವ ಹೊಣೆ ನಮ್ಮದು.

ಲೌಟರ್‌ಬ್ರುನ್ನೆನ್ ಕಣಿವೆಯನ್ನೇ ತೆಗೆದುಕೊಳ್ಳೋಣ, ನಮ್ಮವರು ಜಾಸ್ತಿ ಹೋಗುವ ಜಾಗ. ಎರಡೂ ಕಡೆ ಗೋಡೆಯಂತೆ ನಿಂತ ಬಂಡೆ, 72 ಜಲಪಾತ ಎನ್ನುವ ಹೆಸರು. ಊರಿನ ಪಕ್ಕದಲ್ಲೇ ಸ್ಟೌಬ್‌ಬಾಖ್ ಸುಮಾರು 300 ಮೀಟರ್ ಎತ್ತರದಿಂದ ಬೀಳುತ್ತದೆ. ಗಾಳಿ ಜೋರಿದ್ದ ದಿನ ನೀರು ನೆಲ ಮುಟ್ಟುವ ಮುಂಚೆಯೇ ಹೊಗೆಯ ಹಾಗೆ ಚದುರಿಹೋಗುತ್ತದೆ. ಬಂಡೆಯ ಮೇಲೆ ಒಂದು ಕಡೆ ವೆಂಗೆನ್, ಇನ್ನೊಂದು ಕಡೆ ಮ್ಯೂರೆನ್. ಎರಡೂ ಕಾರು ಹೋಗದ ಊರುಗಳು, ರೈಲಿನಲ್ಲೋ ಕೇಬಲ್ ಕಾರಿನಲ್ಲೋ ಹೋಗಬೇಕು.

ಇಂಟರ್‌ಲಾಕೆನ್ ಓಸ್ಟ್‌ನಲ್ಲಿ ರೈಲು ಹತ್ತುವಾಗ ಬೋಗಿಯ ಬೋರ್ಡು ನೋಡಿ. ಒಂದೇ ರೈಲು ತ್ಸ್ವೈಲ್ಯುಚಿನೆನ್‌ನಲ್ಲಿ ಎರಡಾಗಿ ಒಂದು ಭಾಗ ಲೌಟರ್‌ಬ್ರುನ್ನೆನ್‌ಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೆ ಹೋಗುತ್ತದೆ. ಇಲ್ಲಿ ವಾಸವಿರುವವರಿಗೆ ಅರ್ಧ ದರದಲ್ಲಿ ಟಿಕೆಟ್ ಸಿಗುವ ಹಾಫ್ ಫೇರ್ ಕಾರ್ಡ್ ಇಲ್ಲದೆ ಬೆಟ್ಟದ ಖರ್ಚು ತೂಗುವುದಿಲ್ಲ. ಮೇಲಿನ ರೈಲು, ಕೇಬಲ್ ಕಾರುಗಳಲ್ಲೂ ಅದು ನಡೆಯುತ್ತದೆ. ಜೂನಿಯರ್ ಕಾರ್ಡ್ ಮಾಡಿಸಿದರೆ 6ರಿಂದ 16ರೊಳಗಿನ ಮಕ್ಕಳು ಅಪ್ಪ ಅಮ್ಮನ ಜೊತೆ ಉಚಿತವಾಗಿ ಬರಬಹುದು. ಕೊನೆಯ ಕೇಬಲ್ ಕಾರ್ ಎಷ್ಟು ಹೊತ್ತಿಗೆ ಅಂತ ಬೆಳಗ್ಗೆಯೇ ನೋಡಿಟ್ಟುಕೊಳ್ಳಿ. ಅದು ತಪ್ಪಿದರೆ ನಡೆದೇ ಇಳಿಯಬೇಕು. ಏಪ್ರಿಲ್, ನವೆಂಬರ್ ಸುಮಾರಿಗೆ ಹಲವು ಕೇಬಲ್ ಕಾರುಗಳು ರಿಪೇರಿಗೆ ಮುಚ್ಚಿರುತ್ತವೆ, ಊರಿಂದ ಬರುವವರ ಟಿಕೆಟ್ ಮಾಡಿಸುವಾಗ ಇದು ನೆನಪಿರಲಿ.

ಇನ್ನು ದಾರಿಗಳು. ಕಾಲುದಾರಿಗಳ ಮಾತನ್ನು ಈ ದೇಶ 1979ರಲ್ಲಿ ಜನಮತ ಹಾಕಿ ಸಂವಿಧಾನಕ್ಕೇ ಸೇರಿಸಿಕೊಂಡಿದೆ. ಅಷ್ಟು ಮುತುವರ್ಜಿ ಇರುವುದರಿಂದಲೇ ಬೋರ್ಡುಗಳನ್ನು ನಂಬಬಹುದು. ಬರೀ ಹಳದಿ ಗುರುತಿದ್ದರೆ ಮಾಮೂಲಿ ದಾರಿ, ಯಾರು ಬೇಕಾದರೂ ನಡೆಯಬಹುದು. ಬಿಳಿ-ಕೆಂಪು-ಬಿಳಿ ಪಟ್ಟೆ ಕಂಡರೆ ಬೆಟ್ಟದ ದಾರಿ. ಕಡಿದಾಗಿರುತ್ತದೆ, ಪಕ್ಕದಲ್ಲಿ ಪ್ರಪಾತ ಇರಬಹುದು, ಹಿಡಿತವಿರುವ ಶೂ ಬೇಕೇ ಬೇಕು, ತಲೆ ತಿರುಗುವವರಿಗೆ ಬೇಡ. ಬಿಳಿ-ನೀಲಿ-ಬಿಳಿ ಅಂದರೆ ಹಿಮ, ಬಂಡೆ, ಕೈಯೂರಿ ಹತ್ತುವ ಜಾಗ. ಅನುಭವವಿಲ್ಲದೆ ಅತ್ತ ಹೋಗಲೇಬೇಡಿ. ಬೋರ್ಡಿನಲ್ಲಿ ಬರೆದಿರುವುದು ದೂರ ಅಲ್ಲ, ಸಮಯ. ಅದೂ ಎಲ್ಲೂ ಕೂರದೆ ನಡೆದರೆ ಹಿಡಿಯುವ ಸಮಯ. ಮಕ್ಕಳು ಜೊತೆಗಿದ್ದು, ಬುತ್ತಿ ಬಿಚ್ಚಿ ಪುಳಿಯೋಗರೆ ತಿಂದು, ಫೋಟೋ ತೆಗೆಯುತ್ತಾ ಹೋಗುವವರು ಅದನ್ನು ಒಂದೂವರೆ ಪಟ್ಟು ಮಾಡಿಕೊಳ್ಳಲಿ.

ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಲು ನಾನು ಹೇಳುವ ದಾರಿ ಮೆನ್‌ಲಿಖೆನ್‌ನಿಂದ ಕ್ಲೈನೆ ಶೈಡೆಗ್‌ಗೆ. ವೆಂಗೆನ್‌ನಿಂದ ಕೇಬಲ್ ಕಾರಿನಲ್ಲಿ ಮೇಲೆ ಹೋದರೆ ಅಲ್ಲಿಂದ ಒಂದೂವರೆ ಗಂಟೆಯ ನಡಿಗೆ, ಬಹುಪಾಲು ಸಣ್ಣ ಇಳಿಜಾರು, ಎದುರಿಗೇ ಐಗರ್ ಶಿಖರ. 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್ ರೈಲು ನಿಲ್ದಾಣಕ್ಕೆ ಎಲ್ಲರೂ ಹೋಗುತ್ತಾರೆ ನಿಜ. ಆದರೆ ಅಲ್ಲಿ ಗಾಳಿ ತೆಳು. ಹೃದಯದ ತೊಂದರೆ, ಬಿಪಿ ಇರುವ ಹಿರಿಯರು ಮೊದಲು ಡಾಕ್ಟರನ್ನು ಕೇಳಲಿ, ಮೇಲೆ ಹೋದಮೇಲೆ ನಿಧಾನವಾಗಿ ಓಡಾಡಲಿ.

ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದು ಸಾಮಾನ್ಯ. ಬೇಗ ಹೊರಟು ಬೇಗ ಇಳಿಯಿರಿ. ಜೂನ್‌ನಲ್ಲೂ ಮೇಲಿನ ದಾರಿಗಳಲ್ಲಿ ಹಿಮ ಉಳಿದಿರಬಹುದು. ಹುಲ್ಲುಗಾವಲಿನ ಗೇಟು ತೆಗೆದರೆ ಹಿಂದೆ ಮುಚ್ಚಿ. ಹಸು ಅಂದರೆ ನಮಗೆ ಸಲಿಗೆ, ಹಣೆ ಸವರಲು ಕೈ ತಾನಾಗಿ ಹೋಗುತ್ತದೆ ಅಲ್ವಾ? ಇಲ್ಲಿ ಕರುವಿನ ಜೊತೆ ಬಯಲಲ್ಲಿ ಮೇಯುವ ಹಸು ಕರುವಿನ ಹತ್ತಿರ ಬಂದವರನ್ನು ಹಾಯುತ್ತದೆ. ದೂರದಿಂದ ಸುತ್ತಿಕೊಂಡು ಹೋಗಿ. ಎದುರು ಬಂದವರಿಗೆ ‘ಗ್ರ್ಯುಎಸ್ಸೆಖ್’ (ಇಲ್ಲಿನ ನಮಸ್ಕಾರ) ಅನ್ನಿ, ಬೆಟ್ಟದಲ್ಲಿ ಮಾತಾಡಿಸದೆ ಹೋಗುವ ರೂಢಿ ಇಲ್ಲ.

ಚಳಿಗಾಲದಲ್ಲಿ ಲೆಕ್ಕವೇ ಬೇರೆ. ನಡೆಯುವವರಿಗೆ ಗುಲಾಬಿ ಬೋರ್ಡಿನ ದಾರಿ. ಸ್ಕೀ ಪಿಸ್ಟ್, ಅಂದರೆ ಸ್ಕೀ ಮಾಡಲೆಂದೇ ಸಮ ಮಾಡಿದ ಹಿಮದ ಇಳಿಜಾರಿನ ಮೇಲೆ ನಡೆಯಬಾರದು. ಪಿಸ್ಟ್‌ನಲ್ಲಿ ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ಮುಂದೆ ಹೋಗುವವರಿಗೇ ಆದ್ಯತೆ, ಹಿಂದಿನಿಂದ ಬರುವವರು ತಪ್ಪಿಸಿಕೊಂಡು ಹೋಗಬೇಕು. ಗೆಳೆಯರಿಂದ ಸ್ಕೀ ಕಲಿಯುವ ಬದಲು ಸ್ಕೀ ಸ್ಕೂಲಿಗೆ ದುಡ್ಡು ಕೊಡಿ, ಮೊಣಕಾಲು ಉಳಿಯುತ್ತದೆ. ಪಿಸ್ಟ್ ಮುಚ್ಚಿದ ಮೇಲೆ ಅಲ್ಲಿ ಕಾಲಿಡಬೇಡಿ. ಕತ್ತಲಲ್ಲಿ ಹಿಮ ಸಮ ಮಾಡುವ ಯಂತ್ರಗಳು ಉದ್ದನೆಯ ಉಕ್ಕಿನ ಹಗ್ಗ ಬಿಗಿದುಕೊಂಡು ಓಡಾಡುತ್ತವೆ. ಆ ಹಗ್ಗ ಕಣ್ಣಿಗೆ ಕಾಣುವುದಿಲ್ಲ, ತಗುಲಿದರೆ ಜೀವ ಹೋಗುತ್ತದೆ.

ಹಿಮಕುಸಿತದ ಬುಲೆಟಿನ್ ಚಳಿಗಾಲದಲ್ಲಿ ಪ್ರತಿದಿನ ಸಂಜೆ 5ಕ್ಕೆ ಬರುತ್ತದೆ. ವೈಟ್ ರಿಸ್ಕ್ ಆ್ಯಪಿನಲ್ಲಿ ನೋಡಬಹುದು. ಅಪಾಯಕ್ಕೆ ಒಟ್ಟು 5 ಹಂತ. ‘3 ತಾನೇ, ನಡುವಿನದ್ದು’ ಅಂದುಕೊಳ್ಳಬೇಡಿ. ಹಿಮಕುಸಿತದ ಸಾವುಗಳಲ್ಲಿ ಸುಮಾರು ಅರ್ಧ ಆಗುವುದು 3ನೇ ಹಂತದ ದಿನಗಳಲ್ಲೇ. ಗುರುತು ಹಾಕಿದ, ತೆರೆದಿರುವ ದಾರಿಯ ಆಚೆ ಒಂದು ಹೆಜ್ಜೆಯೂ ಬೇಡ.

ಏನಾದರೂ ಆದರೆ ಹೆಲಿಕಾಪ್ಟರ್ ರಕ್ಷಣೆಯ ರೇಗಾಗೆ 1414, ಆಂಬ್ಯುಲೆನ್ಸ್‌ಗೆ 144. ರೇಗಾ ಆ್ಯಪ್ ಇದ್ದರೆ ನೀವಿರುವ ಜಾಗವೂ ತಾನಾಗಿ ಹೋಗುತ್ತದೆ. ಎರಡೂ ಕೈ ಮೇಲೆತ್ತಿ ನಿಂತರೆ ಸಹಾಯ ಬೇಕು ಅಂತ ಅರ್ಥ. ಒಂದು ಮೇಲೆ ಒಂದು ಕೆಳಗೆ ಇದ್ದರೆ ಬೇಡ ಅಂತ. ಹೆಲಿಕಾಪ್ಟರ್ ಕಂಡ ಖುಷಿಗೆ ಎರಡೂ ಕೈ ಬೀಸಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿಕೊಡಿ.

ಖರ್ಚಿನ ವಿಷಯ. ಒಂದೇ ಕಡೆ ವಾರಕ್ಕೆ 8 ಗಂಟೆಗಿಂತ ಕಡಿಮೆಯಿಲ್ಲದೆ ಕೆಲಸ ಮಾಡುವವರಿಗೆ ಕಂಪನಿಯ ಅಪಘಾತ ವಿಮೆ ರಜೆಯ ದಿನಕ್ಕೂ ಅನ್ವಯಿಸುತ್ತದೆ. ಕೆಲಸಕ್ಕೆ ಹೋಗದ ಹೆಂಡತಿ ಅಥವಾ ಗಂಡ, ಮಕ್ಕಳು, ಇವರ ಆರೋಗ್ಯ ವಿಮೆಯಲ್ಲಿ ಅಪಘಾತ ಸೇರಿದೆಯೇ ಅಂತ ಇವತ್ತೇ ತೆಗೆದು ನೋಡಿ. ಪ್ರೀಮಿಯಂ ಉಳಿಸಲು ಅದನ್ನು ಬಿಟ್ಟಿರುವವರಿದ್ದಾರೆ. ಊರಿಂದ ಬಂದವರ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಸ್ಕೀ, ಬೆಟ್ಟದ ರಕ್ಷಣೆ ಸೇರಿದೆಯೇ ಎಂಬುದನ್ನೂ ಓದಿಕೊಳ್ಳಿ.

ರಾತ್ರಿ ಬೆಟ್ಟದ ಹಟ್‌ನಲ್ಲಿ (ನಡೆಯುವವರು ತಂಗುವ ಮನೆ) ಉಳಿಯುವುದಾದರೆ ಮುಂಚೆಯೇ ಬುಕ್ ಮಾಡಿ, ಸಸ್ಯಾಹಾರಿ ಅಂತ ಆಗಲೇ ತಿಳಿಸಿ. ಇಲ್ಲಿನ ಆಲೂಗಡ್ಡೆ ತಿಂಡಿ ರೋಸ್ಟಿ ಬರೀ ಆಲೂಗಡ್ಡೆ ಅಂದುಕೊಳ್ಳಬೇಡಿ, ಹಂದಿಮಾಂಸ ಸೇರಿಸಿರಬಹುದು. ‘ಓನೆ ಶ್ಪೆಕ್’ ಅಂದರೆ ಅದಿಲ್ಲದೆ ಕೊಡುತ್ತಾರೆ. ಶೂ ಬಾಗಿಲಲ್ಲೇ ಬಿಡಬೇಕು, ಹಾಸಿಗೆಗೆ ಸ್ಲೀಪಿಂಗ್ ಬ್ಯಾಗಿನ ತೆಳು ಒಳಚೀಲ ನೀವೇ ಒಯ್ಯಬೇಕು. ಬರಲು ಆಗದಿದ್ದರೆ ತಪ್ಪದೆ ಫೋನ್ ಮಾಡಿ. ಬುಕ್ ಮಾಡಿದವರು ಕತ್ತಲಾದರೂ ಬರಲಿಲ್ಲ ಅಂದರೆ ದಾರಿಯಲ್ಲಿ ಏನೋ ಆಗಿದೆ ಅಂತ ಹಟ್‌ನವರು ಗಾಬರಿಯಾಗುತ್ತಾರೆ.