ಸೊಲ್ಲಾಪುರ ಸೀಮೆಗೆ ಬಂದವರು ಭೂಕಂಪದ ಬಗ್ಗೆ ತಿಳಿದಿರಬೇಕಾದದ್ದು

ಸೊಲ್ಲಾಪುರ, ಅಕ್ಕಲಕೋಟೆ, ಉಮರ್ಗಾ ಕಡೆಗೆ ಹೊಸದಾಗಿ ಬಂದು ನೆಲೆಸುವ ಕನ್ನಡ ಕುಟುಂಬಗಳು ಬಾಡಿಗೆ ಮನೆ ನೋಡುವಾಗ ನೀರು, ಶಾಲೆ, ಬಸ್ಸಿನ ಅನುಕೂಲವನ್ನು ವಿಚಾರಿಸುತ್ತವೆ. ಗೋಡೆಯನ್ನು ಯಾವುದರಿಂದ ಕಟ್ಟಲಾಗಿದೆ, ಮಾಳಿಗೆಯ ಮೇಲೆ ಎಷ್ಟು ಮಣ್ಣಿದೆ ಎಂಬುದನ್ನೂ ಅಷ್ಟೇ ಆಸ್ಥೆಯಿಂದ ವಿಚಾರಿಸಬೇಕೆಂದು ನಮ್ಮ ಸಂಘ ಕೇಳಿಕೊಳ್ಳುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದ ಹೊತ್ತಿನಲ್ಲಿ, ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತಮುತ್ತ ನಡುಗಿದ ನೆಲ ಸಾವಿರಾರು ಜನರ ಪ್ರಾಣ ತೆಗೆಯಿತು. ಆ ಊರು ಸೊಲ್ಲಾಪುರದಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿದೆ.

ಭೂಮಿಯ ಹೊರಕವಚವು ಹಲವು ಬೃಹತ್ ಫಲಕಗಳಾಗಿ ಒಡೆದುಕೊಂಡಿದ್ದು, ನಮ್ಮ ಭಾರತ ಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಷ್ಟು ಉತ್ತರಕ್ಕೆ ಸರಿಯುತ್ತ ಏಷ್ಯಾದ ಫಲಕವನ್ನು ಒತ್ತುತ್ತಿದೆ. ಈ ಒತ್ತಡದ ಬಹುಪಾಲು ಹಿಮಾಲಯದಲ್ಲಿ ವ್ಯಕ್ತವಾಗುತ್ತದೆಯಾದರೂ ಅದರ ಒಂದಂಶ ದಖ್ಖನಿನ ಒಡಲಿಗೂ ತಲುಪುತ್ತದೆ. ಬಂಡೆಯಲ್ಲಿ ಹಿಂದೆಂದೋ ಬಿರುಕು ಬಿಟ್ಟು, ಅದರ ಎರಡೂ ಬದಿಗಳು ಒಂದನ್ನೊಂದು ಜಾರಬಲ್ಲಂತಿರುವ ಜಾಗವೇ ಸ್ತರಭಂಗ. ಬದಿಗಳ ನಡುವಿನ ಘರ್ಷಣೆ ಅವನ್ನು ತಡೆದು ಹಿಡಿದಿರುವವರೆಗೆ ಸುತ್ತಲಿನ ಬಂಡೆ ಎಳೆದ ಬಿಲ್ಲಿನಂತೆ ಬಾಗುತ್ತ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ಹಿಡಿತ ತಪ್ಪಿದ ಕ್ಷಣ ಬದಿಗಳು ಜಾರಿ, ಆ ಶಕ್ತಿ ಅಲೆಗಳಾಗಿ ಹೊರಡುತ್ತದೆ. ನಮ್ಮ ಸೀಮೆಯಲ್ಲಿ ಇಂಥ ಹಳೆಯ ಬಿರುಕುಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪು ಕಲ್ಲಿನ ಪದರಗಳ ಅಡಿಯಲ್ಲಿ ಹುದುಗಿರಬಹುದಾದ್ದರಿಂದ ಮೇಲಿನಿಂದ ನೋಡಿ ಗುರುತಿಸುವುದು ಕಷ್ಟ. ಕಿಲ್ಲಾರಿಯನ್ನು ದೇಶದ ಅಂದಿನ ಭೂಕಂಪ ವಲಯಗಳ ನಕ್ಷೆ ಅತಿ ಕಡಿಮೆ ಅಪಾಯದ ವಲಯದಲ್ಲಿ ಇರಿಸಿತ್ತು. 2002ರಲ್ಲಿ ನಕ್ಷೆಯಿಂದ ಆ ವಲಯವನ್ನೇ ಕೈಬಿಡಲಾಯಿತು.

ಸ್ತರಭಂಗದಿಂದ ಹೊರಡುವ ಅಲೆಗಳೆಲ್ಲ ಒಂದೇ ಬಗೆಯವಲ್ಲ. ಮೊದಲು ಬರುವ ಪಿ ಅಲೆ ಬಂಡೆಯನ್ನು ತಾನು ಸಾಗುವ ದಿಕ್ಕಿನಲ್ಲೇ ಒತ್ತಿ ಹಿಗ್ಗಿಸುತ್ತ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಸುಮಾರು 3.5 ಕಿಲೋಮೀಟರ್ ವೇಗದ ಎಸ್ ಅಲೆ ಸಾಗುವ ದಿಕ್ಕಿಗೆ ಅಡ್ಡಲಾಗಿ ನೆಲವನ್ನು ಅಲುಗಿಸುತ್ತದೆ. ನೆಲದ ಮೇಲ್ಪದರದಲ್ಲೇ ಹರಿಯುವ ಅಲೆಗಳು ಇವೆರಡರ ಬೆನ್ನಿಗೆ ಬರುತ್ತವೆ. ಕಂಪನಮಾಪಕದ ದಾಖಲೆಯಲ್ಲಿ ಈ ಮೂರನ್ನೂ ಬೇರೆಬೇರೆಯಾಗಿ ಮೊದಲು ಗುರುತಿಸಿದ ಓಲ್ಡ್‌ಹ್ಯಾಮ್, 1897ರ ಅಸ್ಸಾಂ ಭೂಕಂಪವನ್ನು ಅಧ್ಯಯನ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಜ್ಞಾನಿ ಎಂಬುದು ನಾವು ಹೆಮ್ಮೆಯಿಂದ ಮಕ್ಕಳಿಗೆ ಹೇಳಬಹುದಾದ ಸಂಗತಿ. ಕಿಲ್ಲಾರಿಯಷ್ಟು ದೂರದಲ್ಲಿ ಕಂಪನ ಹುಟ್ಟಿದರೆ ಸೊಲ್ಲಾಪುರದಲ್ಲಿ ಪಿ ಅಲೆಗೂ ಎಸ್ ಅಲೆಗೂ ನಡುವೆ ಹತ್ತು ಸೆಕೆಂಡಿನಷ್ಟು ಅಂತರ ಸಿಗುತ್ತದೆ. ಪಾತ್ರೆಗಳು ಸಣ್ಣಗೆ ಸದ್ದು ಮಾಡಿದಾಗಲೇ ಗಟ್ಟಿ ಮೇಜಿನ ಕೆಳಗೆ ಹೋಗಲು ಅಷ್ಟು ಸಮಯ ಸಾಕು. ಕಿಲ್ಲಾರಿಯವರಿಗೆ ಆ ಅವಕಾಶವೂ ಇರಲಿಲ್ಲ. ಕಂಪನ ಹುಟ್ಟಿದ ಜಾಗ ಅವರ ಊರಿನ ಅಡಿಯಲ್ಲೇ, ಹೆಚ್ಚು ಆಳವಿಲ್ಲದ ಕಡೆ ಇತ್ತು.

ಆದರೂ ಸುಮಾರು 6.2 ಪ್ರಮಾಣದ ಭೂಕಂಪಕ್ಕೆ ಅಷ್ಟೊಂದು ಸಾವು ಸಂಭವಿಸಲು ಮನೆಗಳ ರಚನೆಯೇ ಮುಖ್ಯ ಕಾರಣವೆಂದು ಒತ್ತಿ ಹೇಳಬೇಕಾಗಿದೆ. ಅಲ್ಲಿನ ಗೋಡೆಗಳನ್ನು ಒಳಗೊಂದು, ಹೊರಗೊಂದು ಸಾಲಾಗಿ ಉರುಟು ಕಲ್ಲು ಜೋಡಿಸಿ, ನಡುವೆ ಚೂರುಗಲ್ಲು ತುಂಬಿ, ಬರಿಯ ಕೆಸರಿನಿಂದ ಕಟ್ಟಲಾಗಿತ್ತು. ಎರಡೂ ಸಾಲುಗಳನ್ನು ಹಿಡಿದಿಡುವ ಉದ್ದ ಕಲ್ಲುಗಳು ಇಲ್ಲದಿದ್ದುದರಿಂದ, ನೆಲ ಅಡ್ಡಡ್ಡವಾಗಿ ಅಲುಗಿದಾಗ ಹೊರಸಾಲು ಹೊರಕ್ಕೂ ಒಳಸಾಲು ಮಲಗಿದವರ ಮೇಲಕ್ಕೂ ಉರುಳಿತು. ಬೇಸಿಗೆಯಲ್ಲಿ ತಂಪಾಗಿರಲೆಂದು ಮಾಳಿಗೆಯ ಮೇಲೆ ವರ್ಷವರ್ಷವೂ ಹಾಕುತ್ತ ಬಂದ ಮಣ್ಣಿನ ಭಾರ ಅದರ ಜೊತೆ ಸೇರಿತು. ಇದೇ ಬಗೆಯ ಹಳೆಯ ಮನೆಗಳು ಗಡಿಯ ಎರಡೂ ಬದಿಯ ಹಳ್ಳಿಗಳಲ್ಲಿ ಇಂದಿಗೂ ಇವೆ.

ಮನೆ ನೋಡುವಾಗ ಎರಡು ಗೋಡೆ ಸೇರುವ ಮೂಲೆಯಲ್ಲಿ ಉದ್ದುದ್ದ ಬಿರುಕಿದೆಯೇ, ಗೋಡೆಯ ಹೊಟ್ಟೆ ಉಬ್ಬಿದೆಯೇ ಎಂದು ಗಮನಿಸಿರಿ. ಬಾಗಿಲು ಕಿಟಕಿಗಳ ತಲೆಯ ಮಟ್ಟದಲ್ಲಿ ಮನೆಯ ಸುತ್ತ ಎಲ್ಲ ಗೋಡೆಗಳನ್ನೂ ಬಿಗಿದಿಡುವ ಕಾಂಕ್ರೀಟ್ ಪಟ್ಟಿ ಇದ್ದರೆ ಅಂಥ ಮನೆಯನ್ನು ಆರಿಸುವುದು ಒಳ್ಳೆಯದು. ಹಳೆಯ ಕಲ್ಲು ಮನೆಯಲ್ಲೇ ಇರಬೇಕಾಗಿ ಬಂದರೆ ಮಾಳಿಗೆಯ ಮಣ್ಣನ್ನು ಕಡಿಮೆ ಮಾಡಿಸುವಂತೆ ಮಾಲೀಕರನ್ನು ಒಪ್ಪಿಸಿರಿ. ಮಾತುಕತೆ ಮರಾಠಿಯಲ್ಲಿ ನಡೆಯಬೇಕಿದ್ದರೆ ಸಂಘದ ಹಿರಿಯರು ನಿಮ್ಮೊಡನೆ ಬರುತ್ತಾರೆ.

ಭೂಕಂಪದ ದಿನ, ಗಂಟೆಯನ್ನು ಮುಂದಾಗಿ ಹೇಳುವ ವಿಧಾನ ಇಂದಿಗೂ ಇಲ್ಲವಾದ್ದರಿಂದ ಮೊಬೈಲಿನಲ್ಲಿ ಹರಿದಾಡುವ ಅಂಥ ಸಂದೇಶಗಳನ್ನು ಯಾರಿಗೂ ಕಳುಹಿಸಬೇಡಿರಿ. ಕಿಲ್ಲಾರಿಯಲ್ಲಿ 1992ರಲ್ಲೇ ಸಣ್ಣ ಕಂಪನಗಳು ಆಗಿದ್ದವು ಎಂಬುದು ನಿಜ. 2021ರಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿಯೂ ಜನ ಇಂಥ ಕಂಪನಗಳಿಗೆ ಹೆದರಿ ಊರು ಬಿಟ್ಟಿದ್ದರು, ಆದರೆ ಅಲ್ಲಿ ದೊಡ್ಡ ಭೂಕಂಪವಾಗಲಿಲ್ಲ. ಆದರೆ ದೊಡ್ಡ ಕಂಪನವಾದ ಮೇಲೆ ಕಿರುಕಂಪನಗಳು ಬಂದೇ ಬರುತ್ತವೆ. ಬಿರುಕು ಬಿಟ್ಟ ಮನೆಯೊಳಗೆ ಒಡವೆಗಾಗಲಿ ಕಾಗದಪತ್ರಕ್ಕಾಗಲಿ ಮರಳಿ ಹೋಗದೆ, ಗ್ಯಾಸ್ ವಾಸನೆ ಬರುತ್ತಿದ್ದರೆ ದೀಪ ಹಚ್ಚದೆ, ಬಯಲಿನಲ್ಲಿ ನಿಂತು 112ಕ್ಕೆ ಕರೆ ಮಾಡಿರಿ.